ಪರ್ಸೆಂಟೇಜ್ ಹೇಳ್ರಿ ಮೇಷ್ಟ್ರೇ!

2024ರ ಜೂನ್ 4ರ ಸಂಜೆ ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಎಕ್ಸಿಟ್ ಪೋಲ್ ನಂಬಿದ್ದೆ ಅಂತ ಒಪ್ಪಿಕೊಳ್ಳುವ ಒಬ್ಬನೇ ಒಬ್ಬ ಮನುಷ್ಯ ಸಿಗಲಿಲ್ಲ. ಜೂನ್ 1ರ ರಾತ್ರಿ ಟೀವಿಯವರು ಎನ್‌ಡಿಎಗೆ 350, 370, ಕೆಲವರು 400 ಅಂತ ಹಂಚಿದಾಗ ಇದೇ ಜನ ಆ ಅಂಕಿಗಳನ್ನು ಬಾಯಿಪಾಠ ಒಪ್ಪಿಸಿದ್ದರು. 3ರಂದು ಸೆನ್ಸೆಕ್ಸ್ 2,500 ಅಂಕ ಮೇಲೇರಿತು, 4ರಂದು 4,300ಕ್ಕೂ ಹೆಚ್ಚು ಅಂಕ ಬಿತ್ತು. ಬಿಜೆಪಿ 240, ಎನ್‌ಡಿಎ 293. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಿಜೆಪಿ ಕೈಯಲ್ಲಿದ್ದ ನಮ್ಮ ಕ್ಷೇತ್ರವೂ ಕಾಂಗ್ರೆಸ್ ಪಾಲಾಯಿತು. ಅವತ್ತು ಚಹಾದ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ನಾನು ಮೊದ್ಲೇ ಹೇಳಿರ್ಲಿಲ್ಲೇನ್ರೀ?"

ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುವ ಗೆಳೆಯ ಗ್ಲಾಸು ಕೆಳಗಿಟ್ಟು, "ಎಲ್ಲಿ ಹೇಳಿದ್ರಿ? ಬರೆದಿಟ್ಟಿದ್ರೆ ತೋರ್ಸ್ರಿ" ಅಂದ. ಯಾರ ಹತ್ತಿರವೂ ಬರೆದದ್ದಿರಲಿಲ್ಲ. ಆ ಮಾತು ಅಲ್ಲಿಗೇ ಬಿಡಬಹುದಿತ್ತು, ಆದರೆ ಆಗಸ್ಟ್ 5ಕ್ಕೆ ಶೇಖ್ ಹಸೀನಾ ಢಾಕಾ ಬಿಟ್ಟು ಹಾರಿದಾಗ, ನವೆಂಬರ್‌ನಲ್ಲಿ ಟ್ರಂಪ್ ಗೆದ್ದಾಗ, ಡಿಸೆಂಬರ್ 8ಕ್ಕೆ ಸಿರಿಯಾದ ಅಸ್ಸಾದ್ ಓಡಿಹೋದಾಗ, ಪ್ರತಿ ಸಲವೂ ಅದೇ ಜನ ಅದೇ ಮಾತು. ಡಿಸೆಂಬರ್ ಕೊನೆಗೆ ಲೆಕ್ಚರರು ಹಟಕ್ಕೆ ಬಿದ್ದ. ಮುಂದಿನ ವರ್ಷ ಜಗತ್ತಿನಲ್ಲಿ ಏನಾಗುತ್ತದೆ ಅಂತ ಈಗಲೇ ಬರೆದಿಡೋಣ, ವರ್ಷ ಮುಗಿದ ಮೇಲೆ ಅಂಕ ಹಾಕೋಣ. ನಾನು ಅಡತಿ ಅಂಗಡಿಗಳ ಜಿಎಸ್‌ಟಿ ರಿಟರ್ನ್ ತುಂಬುವವನು. ಲೆಕ್ಕದ ಪುಸ್ತಕ ಇಡುವ ಕೆಲಸ ನನ್ನ ತಲೆಗೇ ಬಂತು.

ಸೇರಿದ್ದು ಯಾರ್ಡಿನ ಒಂದು ಅಡತಿ ಅಂಗಡಿಯ ಮಹಡಿಯಲ್ಲಿ. ಅಂಗಡಿಯ ಸಾವ್ಕಾರ್ರು, ಲೆಕ್ಚರರ್, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಮಂಡಿಪೇಟೆಯ ಚಿನ್ನದಂಗಡಿಯವರು, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಒಬ್ಬರು, ಒಬ್ಬ ಎಲ್‌ಐಸಿ ಏಜೆಂಟ್, ನಾನು. ಮಿರ್ಚಿ-ಮಂಡಕ್ಕಿ ಬಂತು. ಮೊದಲ ಷರತ್ತು: ದುಡ್ಡು ಕಟ್ಟುವಂತಿಲ್ಲ. ಎಲೆಕ್ಷನ್ ಬಂದರೆ ಕುರಿ, ಬೈಕು ಪಣಕ್ಕಿಡುವ ಸೀಮೆ ನಮ್ಮದು. ಆ ದಾರಿ ಹಿಡಿದರೆ ಭವಿಷ್ಯ ಪಕ್ಕಕ್ಕೆ ಸರಿದು ಜಗಳವೇ ಮುಂದೆ ಬರುತ್ತದೆ. ಕೊನೆಗೆ ಬಂದವರು ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಬೇಕು, ಅಷ್ಟೇ.

ಉತ್ತರ ಹೇಳುವುದು ಕಷ್ಟ ಅಂದುಕೊಂಡಿದ್ದೆವು. ನಿಜವಾಗಿ ನಮ್ಮ ಹೊತ್ತೆಲ್ಲ ತಿಂದದ್ದು ಪ್ರಶ್ನೆ ಬರೆಯುವ ಕೆಲಸ. ಮೇಷ್ಟ್ರು ಮೊದಲಿಗೆ, "ಉಕ್ರೇನ್ ಯುದ್ಧ ನಿಲ್ತದಾ ಇಲ್ಲಾ? ಬರ್ಕೊಳ್ಳಪ್ಪ" ಅಂದರು. ಲೆಕ್ಚರರು ಬಿಡಲಿಲ್ಲ. ನಿಲ್ಲೋದು ಅಂದ್ರೇನು? ಒಪ್ಪಂದಕ್ಕೆ ಸಹಿ ಬಿದ್ದರೆ ಸಾಕೇ, ಗುಂಡು ನಿಲ್ಲಬೇಕೇ? ಒಂದು ದಿನ ನಿಂತು ಮತ್ತೆ ಶುರುವಾದರೆ? ಎಷ್ಟೋ ಹೊತ್ತಿನ ಮೇಲೆ ನೋಟ್‌ಬುಕ್ಕಿನಲ್ಲಿ ಬಿದ್ದ ಸಾಲು ಹೀಗಿತ್ತು: "2025ರ ಡಿಸೆಂಬರ್ 31ರೊಳಗೆ ರಷ್ಯಾ ಮತ್ತು ಉಕ್ರೇನ್ ಎರಡೂ ಒಪ್ಪಿದ ಪೂರ್ಣ ಕದನ ವಿರಾಮ ಜಾರಿಗೆ ಬಂದು, ಕನಿಷ್ಠ 30 ದಿನ ಉಳಿಯುವುದೇ?" ಮಂಡಕ್ಕಿ ತಿನ್ನುತ್ತಾ ಬರೆದ ಆ '30 ದಿನ' ಎಂಥ ಕೆಲಸಕ್ಕೆ ಬಂತೆಂದು ಆಮೇಲೆ ಗೊತ್ತಾಯಿತು. ಏಪ್ರಿಲ್‌ನಲ್ಲಿ ಪುಟಿನ್ ಈಸ್ಟರ್ ಹಬ್ಬಕ್ಕೆ 30 ಗಂಟೆಯ ವಿರಾಮ ಸಾರಿದ ದಿನ ಏಜೆಂಟ್ ಫೋನ್ ಮಾಡಿ, "ಸಾರ್, ನಿಂತ್ತು ನೋಡ್ರಿ, ಟಿಕ್ ಹಾಕ್ರಿ" ಅಂದ. ನೋಟ್‌ಬುಕ್ ತೆಗೆದು ಆ ಸಾಲನ್ನು ಓದಿ ಹೇಳಿದೆ. ಫೋನ್ ಇಟ್ಟ.

ನಮ್ಮ ಸೀಮೆಯಲ್ಲಿ ವರ್ಷದ ಭವಿಷ್ಯಕ್ಕೇನೂ ಬರವಿಲ್ಲ. ಯುಗಾದಿಗೆ ದೇವಸ್ಥಾನದಲ್ಲಿ ಪಂಚಾಂಗ ಓದುತ್ತಾರೆ. ಈ ಸಂವತ್ಸರಕ್ಕೆ ರಾಜ ಯಾರು, ಮಂತ್ರಿ ಯಾರು, ಸಸ್ಯಾಧಿಪತಿ ಯಾರು, ಮಳೆ ಎಷ್ಟು ಕೊಳಗ, ಎಲ್ಲ ಇರುತ್ತದೆ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂದರೆ ಅಷ್ಟೂ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. 2023ರಲ್ಲಿ ಬಂದ ಕಾರ್ಣಿಕದ ನುಡಿ, "ಅಂಬಲಿ ಹಳಸಿತು ಕಂಬಳಿ ಬೀಸಿತಲೇ ಪರಾಕ್". ವಿಧಾನಸಭೆ ಚುನಾವಣೆಗೆ ಮೂರು ತಿಂಗಳಿತ್ತು. ನಮ್ಮ ಯಾರ್ಡಿನಲ್ಲಿ ಕಂಬಳಿ ಅಂದರೆ ಇಂಥವರೇ ಅಂತ ಒಬ್ಬರು, ಕಂಬಳಿ ಬೀಸುವುದೆಂದರೆ ಬರ ಅಂತ ಇನ್ನೊಬ್ಬರು, ಅಂಬಲಿ ಹಳಸಿದ್ದು ಯಾರ ಮನೆಯದು ಅಂತ ಮತ್ತೊಬ್ಬರು. ಸಾವ್ಕಾರ್ರು ಮೈಲಾರಲಿಂಗನ ಒಕ್ಕಲು. ಲೆಕ್ಚರರು ಬಾಯಿ ತೆರೆಯುವ ಮೊದಲೇ, "ಕಾರ್ಣಿಕಕ್ಕೂ ಪರ್ಸೆಂಟೇಜ್ ಕೇಳ್ತೀಯೇನಪ್ಪ ತಮ್ಮಾ?" ಅಂದರು. ಅವನು ಕೈಮುಗಿದ. ನಾನೂ ಮೈಲಾರಕ್ಕೆ ಹೋಗಿಬರುವವನೇ. ದೇವರ ನುಡಿ ಕೇಳಿ ಜನ ತಮ್ಮ ತಮ್ಮ ಬದುಕಿಗೆ ಅರ್ಥ ಹಚ್ಚಿಕೊಳ್ಳುವುದು ಒಂದು ವ್ಯವಹಾರ, ನಮ್ಮದು ಬೇರೆಯದೇ. ಟೀವಿಯಲ್ಲಿ ಟೈ ಕಟ್ಟಿ ಕೂತವರು ಮಾತ್ರ ಕಾರ್ಣಿಕದ ಧಾಟಿಯಲ್ಲೇ ಮಾತಾಡಿ, ತಜ್ಞರ ಸಂಭಾವನೆ ತೆಗೆದುಕೊಳ್ಳುತ್ತಾರೆ. ನನ್ನ ತಕರಾರಿರುವುದು ಅವರ ಮೇಲೆ.

ಈ ತಕರಾರು ನನ್ನೊಬ್ಬನದೇ ಅಲ್ಲ. ಫಿಲಿಪ್ ಟೆಟ್ಲಾಕ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಿಂದ ಸುಮಾರು ಇಪ್ಪತ್ತು ವರ್ಷ 284 ರಾಜಕೀಯ-ಆರ್ಥಿಕ ತಜ್ಞರಿಂದ ಸಾವಿರಾರು ಅಂದಾಜು ಬರೆಸಿ, ಕಾದು, ತಾಳೆ ನೋಡಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ತಜ್ಞರ ಸರಾಸರಿ ಸಾಧನೆ ಸುಮ್ಮನೆ ಊಹಿಸಿದ್ದಕ್ಕಿಂತ ಅಷ್ಟೇನೂ ಮೇಲಿರಲಿಲ್ಲ. ಮಾಧ್ಯಮದಲ್ಲಿ ಹೆಚ್ಚು ಹೆಸರು ಮಾಡಿದವರು ಇನ್ನೂ ಹೆಚ್ಚು ತಪ್ಪಿದ್ದರು. ಆಮೇಲೆ 2011ರಿಂದ ಅಮೆರಿಕದ ಗುಪ್ತಚರ ಸಂಶೋಧನಾ ಸಂಸ್ಥೆಯೊಂದು ನಡೆಸಿದ ಸ್ಪರ್ಧೆಯಲ್ಲಿ ಇದೇ ಟೆಟ್ಲಾಕ್ ಕಟ್ಟಿದ, ಸಾಮಾನ್ಯ ಸ್ವಯಂಸೇವಕರ ತಂಡ ಉಳಿದ ತಂಡಗಳನ್ನೆಲ್ಲ ಹಿಂದೆ ಹಾಕಿತು. ಇದನ್ನು ಲೆಕ್ಚರರು ಹೇಳಿದಾಗ ಮೇಷ್ಟ್ರಿಗೆ ಹುರುಪು ಬಂತು. ಸಾಮಾನ್ಯರು ಅಂದರೆ ನಾವೇ ಅಲ್ಲವೇ!

ಅಂಕ ಹಾಕುವ ಲೆಕ್ಕವೂ ಎರವಲಿನದೇ. 1950ರಲ್ಲಿ ಗ್ಲೆನ್ ಬ್ರಯರ್ ಎಂಬ ಅಮೆರಿಕದ ಹವಾಮಾನ ಇಲಾಖೆಯವರು ಹವಾಮಾನ ಮುನ್ಸೂಚನೆ ಅಳೆಯಲು ಕೊಟ್ಟ ಸೂತ್ರ ಅದು. ಒಂದು ಸಂಗತಿ ಆಗುವ ಸಾಧ್ಯತೆ 70% ಅಂತ ನೀವು ಹೇಳಿದಿರಿ ಅನ್ನಿ. ಅದು ಆದರೆ 1ರಲ್ಲಿ 0.7 ಕಳೆದು, ಉಳಿದ 0.3ರ ವರ್ಗ, ಅಂದರೆ 0.09. ಆಗದಿದ್ದರೆ 0.7ರ ವರ್ಗ, 0.49. ಕಡಿಮೆ ಬಂದಷ್ಟೂ ಒಳ್ಳೆಯದು. ಎಲ್ಲದಕ್ಕೂ 50 ಅಂತ ಹೇಳಿಕೊಂಡು ಕೂತವರಿಗೆ ಸರಿಯಾಗಿ 0.25 ಸಿಗುತ್ತದೆ. ವರ್ಗ ಮಾಡುವುದರಲ್ಲೇ ಇದರ ಖಾರ ಇರುವುದು: ನೂರಕ್ಕೆ ನೂರು ಅಂದು ತಪ್ಪಿದರೆ ಪೂರ್ತಿ 1 ತಲೆ ಮೇಲೆ ಕೂರುತ್ತದೆ. ಏಜೆಂಟನ ಬಾಯಲ್ಲಿ ಬರುತ್ತಿದ್ದದ್ದು ನೂರರ ಹತ್ತಿರದ್ದು ಇಲ್ಲವೇ ಸೊನ್ನೆಯ ಹತ್ತಿರದ್ದು. ಪಾಲಿಸಿ ಮಾರುವವನು ಲಾಭ ಬರುವ ಸಾಧ್ಯತೆ 60% ಅಂದರೆ ಯಾರು ಸಹಿ ಹಾಕುತ್ತಾರೆ, ಪಾಪ. ಮೇಷ್ಟ್ರದು ಇನ್ನೊಂದು ಬಗೆ. ಒಂದು ಪ್ರಶ್ನೆಗೆ ಇನ್ನೂರು ವರ್ಷ ಹಿಂದಿನ ವಿಯೆನ್ನಾ ಸಮ್ಮೇಳನದಿಂದ ಶುರು ಮಾಡಿ ಚೆನ್ನಾಗಿಯೇ ವಿವರಿಸುತ್ತಾರೆ, ಕೊನೆಗೆ "ಹಿಂಗಾಗಿ ಎರಡೂ ಆಗ್ಬೋದು" ಅನ್ನುತ್ತಾರೆ. ಆಗ ನಾವೆಲ್ಲ ಒಂದೇ ಸ್ವರದಲ್ಲಿ, "ಪರ್ಸೆಂಟೇಜ್ ಹೇಳ್ರಿ ಮೇಷ್ಟ್ರೇ!"

ಸಂಖ್ಯೆ ಎಲ್ಲಿಂದ ತರುವುದು? ಲೆಕ್ಚರರು ಕಲಿಸಿದ ದಾರಿ ಸರಳವಾದದ್ದು. ಈ ವರ್ಷದ ಸುದ್ದಿ ಬದಿಗಿಡಿ, ಇಂಥದ್ದು ಹಿಂದೆ ಎಷ್ಟು ಸಲ ಆಗಿದೆ ಅಂತ ಮೊದಲು ಎಣಿಸಿ. ಜೂನ್‌ನಲ್ಲಿ ಬಿತ್ತನೆಗೆ ಮೊದಲು ರೈತ ಹಿಂದಿನ ಮಳೆಗಾಲಗಳನ್ನು ನೆನೆಸಿಕೊಂಡ ಹಾಗೆ. ರೂಪಾಯಿಯ ಪ್ರಶ್ನೆ ನೋಡಿ. 2024ರ ಕೊನೆಗೆ ಡಾಲರಿಗೆ 85 ರೂಪಾಯಿ 60 ಪೈಸೆಯ ಸುಮಾರಿನಲ್ಲಿತ್ತು. ರೂಪಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು-ಮೂರು ಪರ್ಸೆಂಟ್ ಜಾರುತ್ತದೆ, 2022ರಂಥ ವರ್ಷದಲ್ಲಿ ಹತ್ತರ ಹತ್ತಿರ. ಹಾಗಾದರೆ 2025ರ ಕೊನೆಗೆ 88 ದಾಟುವುದೇ ಅನ್ನುವುದು ಹೆಚ್ಚುಕಡಿಮೆ ಸಮಬಲದ ಪ್ರಶ್ನೆ. ನಾನು 40 ಬರೆದೆ.

ಲೆಕ್ಚರರು ಹಟ ಹಿಡಿದು ಸೇರಿಸಿದ ಪ್ರಶ್ನೆಯೊಂದಿತ್ತು. ಇಡೀ ಪುಸ್ತಕದಲ್ಲಿ ನನಗೆ ಬಲು ಇಷ್ಟವಾದದ್ದು ಅದೇ. "ಸಾರ್ಕ್ ದೇಶಗಳ ಪೈಕಿ ಯಾವುದಾದರೂ ಒಂದರಲ್ಲಿ, ಸಾರ್ವತ್ರಿಕ ಚುನಾವಣೆ ಇಲ್ಲದೆ, ಸರ್ಕಾರದ ಮುಖ್ಯಸ್ಥರು 2025ರಲ್ಲಿ ಅಧಿಕಾರ ಕಳೆದುಕೊಳ್ಳುವರೇ?" ಸಾರ್ಕ್ ಅಂದರೆ ನಾವೂ ಇರುವ ದಕ್ಷಿಣ ಏಷ್ಯಾ ದೇಶಗಳ ಕೂಟ. ಯಾವ ದೇಶ ಅಂತ ಹೆಸರಿಲ್ಲ. ಎಲ್ಲರೂ 20, 30 ಅನ್ನುತ್ತಿದ್ದರು. ಅವನು ಎಣಿಸಿಯೇಬಿಟ್ಟ. 2021ರಲ್ಲಿ ಅಫ್ಘಾನಿಸ್ತಾನದ ಘನಿ. 2022ರಲ್ಲಿ ಪಾಕಿಸ್ತಾನದ ಇಮ್ರಾನ್ ಖಾನ್, ಶ್ರೀಲಂಕಾದಲ್ಲಿ ಅಣ್ಣ-ತಮ್ಮ ರಾಜಪಕ್ಸರು ಇಬ್ಬರೂ. 2024ರಲ್ಲಿ ನೇಪಾಳದ ಪ್ರಚಂಡ ವಿಶ್ವಾಸಮತ ಸೋತರು, ಮುಂದಿನ ತಿಂಗಳೇ ಹಸೀನಾ. ಪಾಕಿಸ್ತಾನದ ಉಸ್ತುವಾರಿ ಸರ್ಕಾರವನ್ನು ಬಿಟ್ಟರೆ 2023 ಒಂದೇ ಖಾಲಿ. ನಾಲ್ಕು ವರ್ಷದಲ್ಲಿ ಮೂರು ವರ್ಷ! "ಅಂದ್ರೆ ನಮ್ಮ ಓಣಿಯಾಗೆ ಇದು ದಿನನಿತ್ಯದ್ದು ಅನ್ನಪ್ಪ" ಅಂದರು ಸಾವ್ಕಾರ್ರು. ನಾನು 30 ಹೊಡೆದು 65 ಮಾಡಿದೆ.

2025ರ ಸೆಪ್ಟೆಂಬರ್‌ವರೆಗೂ ಅಂಥದ್ದೇನೂ ಆಗಲಿಲ್ಲ. ಬಾಂಗ್ಲಾದ ಮಧ್ಯಂತರ ಸರ್ಕಾರದ ಯೂನುಸ್ ಹೋಗುತ್ತಾರೆ, ಇಲ್ಲ ಪಾಕಿಸ್ತಾನದಲ್ಲಿ ಏನಾದರೂ ಆದೀತು ಅಂತ ನೋಡುತ್ತಿದ್ದೆವು. ಸೆಪ್ಟೆಂಬರ್ 4ಕ್ಕೆ ನೇಪಾಳ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ಮುಚ್ಚಿತು. 8ಕ್ಕೆ ಹುಡುಗರು ಬೀದಿಗಿಳಿದರು, ಗುಂಡೇಟಿಗೆ ಜೀವಗಳು ಹೋದವು. 9ಕ್ಕೆ ಪ್ರಧಾನಿ ಓಲಿ ರಾಜೀನಾಮೆ, 12ಕ್ಕೆ ಮಧ್ಯಂತರ ಪ್ರಧಾನಿಯಾಗಿ ಸುಶೀಲಾ ಕಾರ್ಕಿ ಪ್ರಮಾಣವಚನ. ಯಾವ ದೇಶ ಅಂತ ಕೇಳಿದ್ದರೆ ನೇಪಾಳ ಅನ್ನುವವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಹೆಸರು ಕೇಳದೆ ಗುಂಪಿನ ಮೇಲೆ ಪ್ರಶ್ನೆ ಹಾಕಿದ್ದರಿಂದ ಮಾತ್ರ ಅದು ನಮ್ಮ ಪುಸ್ತಕಕ್ಕೆ ಸಿಕ್ಕಿತು.

ಏಳು ಶ್ರೀಮಂತ ದೇಶಗಳ ಕೂಟವಾದ ಜಿ-7ರ ಪ್ರಶ್ನೆಯೂ ಹೀಗೆಯೇ. ಏಳು ನಾಯಕರಲ್ಲಿ ವರ್ಷದ ಕೊನೆಗೆ ಎಷ್ಟು ಮಂದಿ ಅದೇ ಕುರ್ಚಿಯಲ್ಲಿರುತ್ತಾರೆ? ಬೈಡನ್ ಹೋಗುವುದು ಗೊತ್ತಿತ್ತು. ಜರ್ಮನಿಯ ಶೋಲ್ಜ್ ಡಿಸೆಂಬರ್‌ನಲ್ಲೇ ವಿಶ್ವಾಸಮತ ಸೋತಿದ್ದರು. ಕೆನಡಾದ ಟ್ರುಡೊ ಸಂಪುಟದ ಹಣಕಾಸು ಸಚಿವೆ ಬಿಟ್ಟು ಹೋಗಿದ್ದರು. ಜಪಾನಿನ ಇಶಿಬಾ ಬಹುಮತವಿಲ್ಲದೆ ದಿನ ದೂಡುತ್ತಿದ್ದರು. ನಾಲ್ವರೂ ಹೋದರು: ಟ್ರಂಪ್, ಮೆರ್ಜ್, ಕಾರ್ನಿ, ತಕಾಯಿಚಿ ಬಂದರು. ಸ್ಟಾರ್ಮರ್, ಮ್ಯಾಕ್ರನ್, ಮೆಲೋನಿ ಉಳಿದರು. ಮೇಷ್ಟ್ರು 'ಮೂವರು ಉಳೀತಾರೆ' ಅಂತಲೇ ಬರೆದಿದ್ದರು. ಅವತ್ತಿನಿಂದ ಅವರ ನಡಿಗೆಯೇ ಬೇರೆ.

ಚಿನ್ನದ ಪ್ರಶ್ನೆಯಲ್ಲಿ ಒಂದು ವಿಚಿತ್ರವಾಯಿತು. 2024ರ ಕೊನೆಗೆ 10 ಗ್ರಾಂ ಅಪರಂಜಿ 78 ಸಾವಿರದ ಆಸುಪಾಸಿನಲ್ಲಿತ್ತು. 2025ರಲ್ಲಿ ದೆಹಲಿ ಮಾರುಕಟ್ಟೆಯಲ್ಲಿ ಲಕ್ಷ ದಾಟುತ್ತದೆಯೇ? ಚಿನ್ನದಂಗಡಿಯವರು 10 ಅಂದರು. "ಲಕ್ಷ ಆದ್ರೆ ಯಾರ್ರೀ ತಗೋತಾರೆ? ಈಗ್ಲೇ ಲಗ್ನದ ಗಿರಾಕಿ ತಾಳಿ ಗುಂಡು ಅಷ್ಟಕ್ಕೇ ಸಾಕು ಅಂತ ಎದ್ದು ಹೋಗ್ತಾರೆ." ಅವರ ಗಲ್ಲಾದ ಮುಂದೆ ಅದು ನಿಜವೇ. ಆದರೆ ಚಿನ್ನ ಕೊಳ್ಳುತ್ತಿದ್ದದ್ದು ಮಂಡಿಪೇಟೆಗೆ ಬರುವ ಗಿರಾಕಿ ಒಬ್ಬನೇ ಅಲ್ಲ. 2022ರಿಂದ ಮೂರು ವರ್ಷ ಪ್ರಪಂಚದ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್ನಿಗೂ ಮಿಕ್ಕಿ ಖರೀದಿಸಿದ್ದವು. ರಷ್ಯಾದ ವಿದೇಶಿ ಹಣದ ಮೀಸಲಿಗೆ ಪಾಶ್ಚಾತ್ಯ ದೇಶಗಳು ತಡೆ ಹಾಕಿದ್ದನ್ನು ನೋಡಿದವರು ಅವರೆಲ್ಲ. ಅವರು ಬೆಲೆ ಕೇಳಿ ಎದ್ದು ಹೋಗುವ ಗಿರಾಕಿಗಳಲ್ಲ. ಏಪ್ರಿಲ್ 22ಕ್ಕೇ ದೆಹಲಿಯಲ್ಲಿ ಲಕ್ಷ ದಾಟಿತು, ವರ್ಷದ ಕೊನೆಗೆ 1.30 ಲಕ್ಷದ ಮೇಲಿತ್ತು. ಅಂಗಡಿಯಲ್ಲಿದ್ದ ಮಾಲಿನ ಬೆಲೆ ಏರಿದ್ದಕ್ಕೆ ಅವರಿಗೇನೂ ದುಃಖವಿರಲಿಲ್ಲ ಅನ್ನಿ. 0.81 ಅಂಕ ಬಿದ್ದದ್ದಕ್ಕೆ ಮಾತ್ರ ಇವತ್ತಿಗೂ ಮುನಿಸು.

ಚಳ್ಳಕೆರೆಯವರದು ಇದಕ್ಕೆ ತದ್ವಿರುದ್ಧ. ಕಚ್ಚಾ ತಾಳೆ ಎಣ್ಣೆಯ ಮೂಲ ಆಮದು ಸುಂಕವನ್ನು ಕೇಂದ್ರ 2024ರ ಸೆಪ್ಟೆಂಬರ್‌ನಲ್ಲಿ 20%ಕ್ಕೆ ಏರಿಸಿತ್ತು. ಶೇಂಗಾ ಅರೆಯುವ ಮಿಲ್ಲಿಗೆ ಅದು ಒಳ್ಳೆಯ ಸುದ್ದಿ. ಅದು 2025ರೊಳಗೆ ಇಳಿಯುತ್ತದೆಯೇ ಅಂತ ಕೇಳಿದಾಗ ಅವರು ತಲೆ ಕೆರೆದುಕೊಂಡು 65 ಅಂದರು. "ಇಳೀಬಾರ್ದು. ಇಳಿದ್ರೆ ನಮ್ಗೆ ಹೊಡ್ತ. ಆದ್ರೆ ಇಂಡೋನೇಷ್ಯಾದೋರು ಡೀಸೆಲ್‌ಗೆ 40% ತಾಳೆ ಎಣ್ಣೆ ಬೆರೆಸ್ತೀವಿ ಅಂತ ಕುಂತಾರೆ, ರೇಟು ಮೇಲೆ ಹೋಗ್ತೈತಿ. ಇಲ್ಲಿ ಬಿಹಾರ ಎಲೆಕ್ಷನ್ ಐತಿ, ಹಬ್ಬ ಐತಿ. ಅಡಿಗೆ ಎಣ್ಣೆ ತುಟ್ಟಿ ಆಗಾಕೆ ಯಾವ ಸರ್ಕಾರ ಬಿಡ್ತೈತಿ?" ಮೇ 30ಕ್ಕೆ ಸುಂಕ 10%ಕ್ಕೆ ಇಳಿಯಿತು. ತನ್ನ ಜೇಬಿಗೆ ಕತ್ತರಿ ಬೀಳುವುದಕ್ಕೆ 65 ಕೊಟ್ಟ ಮನುಷ್ಯ. ಕೊನೆಗೆ ಮೊದಲ ಸ್ಥಾನ ಬಂದದ್ದೂ ಅವರಿಗೇ, ನನಗದರಲ್ಲಿ ಆಶ್ಚರ್ಯವೇ ಆಗಲಿಲ್ಲ.

ನಡುವರ್ಷದಲ್ಲಿ ಸಂಖ್ಯೆ ತಿದ್ದಬಹುದು, ಹಳೆಯದನ್ನು ಅಳಿಸುವಂತಿಲ್ಲ. ಪಕ್ಕದಲ್ಲಿ ಹೊಸದು, ತಾರೀಖು, ಒಂದು ಸಾಲು ಕಾರಣ. ಏಪ್ರಿಲ್ 2ಕ್ಕೆ ಟ್ರಂಪ್ ಸುಂಕದ ಪಟ್ಟಿ ಹಿಡಿದು ನಿಂತಾಗ ಎಲ್ಲರೂ ಒಮ್ಮೆಗೇ ಪೆನ್ನು ಕೇಳಿದರು. ಒಂದು ವಾರ ತಡೆಯಿರಿ ಅಂದೆ. ವಾರದೊಳಗೆ ಆತನೇ ಹೆಚ್ಚಿನ ದೇಶಗಳಿಗೆ 90 ದಿನ ಮುಂದೂಡಿದ. ಆಗಸ್ಟ್ 27ಕ್ಕೆ ಭಾರತದ ಸರಕಿಗೆ 50% ಜಾರಿಯಾದದ್ದು ಬೇರೆ ಮಾತು. ರೂಪಾಯಿಯ 40 ಹೊಡೆದು 70 ಮಾಡಿದ್ದು ಆವಾಗಲೇ. ಡಿಸೆಂಬರ್‌ನಲ್ಲಿ ರೂಪಾಯಿ 90 ದಾಟಿಯೇಬಿಟ್ಟಿತು.

ಇನ್ನು ಮೆಕ್ಕೆಜೋಳ. ನಾವು ಕೂತಿದ್ದ ಅಂಗಡಿಯದೇ ಮಾಲು. "ನವೆಂಬರ್ ತಿಂಗಳಲ್ಲಿ ದಾವಣಗೆರೆ ಎಪಿಎಂಸಿಯ ಮಾದರಿ ದರ ಆ ವರ್ಷದ ಬೆಂಬಲ ಬೆಲೆಗಿಂತ ಮೇಲಿರುವುದೇ?" ಸಾವ್ಕಾರ್ರು ಗಟ್ಟಿಯಾಗಿ 70 ಅಂದರು. ಎಥೆನಾಲ್ ಫ್ಯಾಕ್ಟರಿಗಳು ಜೋಳಕ್ಕೆ ಮುಗಿಬಿದ್ದಿದ್ದ ಕಾಲ. ಆಮೇಲೆ ಸರ್ಕಾರ ಎಫ್‌ಸಿಐ ಗೋದಾಮಿನ ಅಕ್ಕಿಯನ್ನು ಎಥೆನಾಲ್‌ಗೆ ಅಗ್ಗದಲ್ಲಿ ಕೊಟ್ಟಿತು, ಬಿತ್ತನೆ ಹೆಚ್ಚಾಯಿತು, ಬೆಳೆ ಚೆನ್ನಾಗಿ ಬಂತು. ಕ್ವಿಂಟಲಿಗೆ ಬೆಂಬಲ ಬೆಲೆ 2,225ರಿಂದ 2,400ಕ್ಕೆ ಏರಿತು, ಮಾರುಕಟ್ಟೆ ಎರಡು ಸಾವಿರದೊಳಗೆ ಇಳಿಯಿತು. ರೈತರು ರಸ್ತೆಗಿಳಿದರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಅಂಕ ಹಾಕುವ ಸಂಜೆ ಸಾವ್ಕಾರ್ರು ವಾದಕ್ಕಿಳಿದರು. "ಬೆಂಬಲ ಬೆಲೆ ಏರ್ಸಿದ್ದು ದಿಲ್ಲಿಯೋರು. ಅದನ್ನ ನನ್ನ ತಲೆಗ್ಯಾಕೆ ಕಟ್ತೀರಿ? ಹಳೇ ರೇಟಿಗೆ ನೋಡ್ರಿ." ಹಳೇ ರೇಟಿಗೂ ನೋಡಿದೆ. ಅದಕ್ಕೂ ಕೆಳಗೇ ಇತ್ತು. ಹೊರಗೆ ಚೀಲದ ಮೇಲೆ ಕೂತು ಟೆಂಡರಿಗೆ ಕಾಯುತ್ತಿದ್ದ ಜಗಳೂರು ಕಡೆಯ ರೈತರೊಬ್ಬರು ನಮ್ಮ ಗಲಾಟೆ ಕೇಳಿ, "ಅದ್ಕೇನ್ ಪುಸ್ತಕ ಬೇಕಿತ್ತೇನ್ರೀ, ನನ್ನ ಕೇಳಿದ್ರೆ ಆಷಾಢದಾಗೇ ಹೇಳ್ತಿದ್ದೆ" ಅಂದರು. ಅವರನ್ನೂ 2026ರ ಪಟ್ಟಿಗೆ ಸೇರಿಸಿಕೊಂಡೆವು.

ಉಕ್ರೇನಿನ ಪ್ರಶ್ನೆಗೆ ನಾನು 10 ಕೊಟ್ಟಿದ್ದೆ, ಅಂಕ 0.01. '24 ಗಂಟೆಯೊಳಗೆ ನಿಲ್ಲಿಸುತ್ತೇನೆ' ಅಂದಿದ್ದ ಟ್ರಂಪ್ ಮಾತನ್ನು ಹಿಡಿದು 90 ಕೊಟ್ಟ ಏಜೆಂಟನಿಗೆ 0.81. ಬೆಣ್ಣೆ ದೋಸೆ ಕೊಡಿಸಿದವನೂ ಅವನೇ. ಒಟ್ಟು ಸರಾಸರಿಯಲ್ಲಿ ಅವನೂ ಚಿನ್ನದಂಗಡಿಯವರೂ 0.25ರ ಮೇಲೆ ಉಳಿದರು. ಅಂದರೆ ಬಾಯಿ ಮುಚ್ಚಿಕೊಂಡು ಎಲ್ಲದಕ್ಕೂ 50 ಬರೆದಿದ್ದರೆ ಇಬ್ಬರಿಗೂ ಲಾಭವಿತ್ತು. ಲೆಕ್ಚರರು ಇನ್ನೊಂದು ಲೆಕ್ಕ ಹಾಕಿದ: ಪ್ರತಿ ಪ್ರಶ್ನೆಗೂ ನಮ್ಮೆಲ್ಲರ ಸಂಖ್ಯೆಗಳ ಸರಾಸರಿ ತೆಗೆದು ಅದನ್ನೇ ಒಬ್ಬ ಸದಸ್ಯ ಅಂತ ಹಿಡಿದರೆ? ಆ ಇಲ್ಲದ ಸದಸ್ಯನಿಗೆ ಎರಡನೇ ಸ್ಥಾನ ಬಂತು. ತಪ್ಪಿದ ಇಬ್ಬರನ್ನೂ ಸೇರಿಸಿಕೊಂಡೇ! ಒಬ್ಬರದು ಮೇಲೆ ತಪ್ಪಿದರೆ ಇನ್ನೊಬ್ಬರದು ಕೆಳಗೆ ತಪ್ಪಿ, ನಡುವೆ ಎಲ್ಲೋ ಸರಿಹೋಗಿತ್ತು.

2026ರ ಪಟ್ಟಿಯನ್ನು ಆ ವರ್ಷದ ಆರಂಭದಲ್ಲೇ ಬರೆದೆವು. ಫೆಬ್ರವರಿ 12ಕ್ಕೆ ಬಾಂಗ್ಲಾ ಚುನಾವಣೆ, ಮಾರ್ಚ್ 5ಕ್ಕೆ ನೇಪಾಳದ್ದು, ಬೇಸಿಗೆಯಲ್ಲಿ ಬಂಗಾಳ, ತಮಿಳುನಾಡು, ಕೇರಳ, ಅಸ್ಸಾಂ. ಏಪ್ರಿಲ್‌ನಲ್ಲಿ ಹಂಗೇರಿ, 2010ರಿಂದ ಕೂತಿದ್ದ ಪ್ರಧಾನಿ ಓರ್ಬಾನ್ ಏಳುತ್ತಾರಾ ಅಂತ. ಮೇನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡ್‌ನ ಅಧ್ಯಕ್ಷ ಪೊವೆಲ್ ಅವಧಿ ಮುಗಿಯುವುದಿತ್ತು. ನವೆಂಬರ್ 3ಕ್ಕೆ ಅಲ್ಲಿನ ಮಧ್ಯಂತರ ಚುನಾವಣೆ. ಸಾರ್ಕ್ ಪ್ರಶ್ನೆ ಹಾಗೇ ಮುಂದುವರಿಯಿತು.

ಸಾವ್ಕಾರ್ರು ಈ ಸಲ ತಮ್ಮ ಪ್ರಶ್ನೆ ತಾವೇ ತಂದರು: ಅಮೆರಿಕದ ಜೋಳ ಒಳಗೆ ಬರುತ್ತಾ? ಲೆಕ್ಚರರು ಎಂದಿನಂತೆ ಶುರು ಮಾಡಿದ. ಈಗಲೂ 15% ಸುಂಕದಲ್ಲಿ 5 ಲಕ್ಷ ಟನ್ ತರಲು ಅವಕಾಶ ಇದೆಯಲ್ಲ, ತಡೆ ಇರುವುದು ಕುಲಾಂತರಿ ಜೋಳಕ್ಕೆ. ಹಾಗಾಗಿ "ಕುಲಾಂತರಿ ಮೆಕ್ಕೆಜೋಳದ ಆಮದಿಗೆ ಕೇಂದ್ರ ಸರ್ಕಾರ 2026ರ ಡಿಸೆಂಬರ್ 31ರೊಳಗೆ ಅಧಿಸೂಚನೆ ಹೊರಡಿಸುವುದೇ?" ಅಂತ ಬರೆದೆ. ಆಗ ಜಗಳೂರಿನವರು ಬಾಯಿ ಹಾಕಿದರು. "ಕಾಳು ತರ್ದೆ, ಎಥೆನಾಲ್ ತೆಗೆದ್ಮೇಲೆ ಉಳಿಯೋ ಹಿಂಡಿ ತಂದ್ರೆ? ಕೋಳಿಗೆ ಅದ್ನೇ ಹಾಕ್ತಾರಲ್ರೀ. ಹಿಂಡಿ ಬಂದ್ರೂ ನಮ್ಮ ಜೋಳಕ್ಕೆ ಹೊಡ್ತಾನೇ." ಎಲ್ಲರೂ ಒಂದು ಕ್ಷಣ ಅವರ ಮುಖ ನೋಡಿದೆವು. ಪ್ರಶ್ನೆ ಎರಡಾಯಿತು. ಮೊದಲನೆಯದಕ್ಕೆ ಸಾವ್ಕಾರ್ರು 8 ಬರೆಸಿದರು. ಹಿಂಡಿಯದಕ್ಕೆ 45 ಅಂದವರು, ಜಗಳೂರಿನವರು 60 ಅಂದದ್ದು ಕೇಳಿ ತಡೆದು, 50 ಮಾಡಿ, ಸಹಿ ಹಾಕಿ, ಟೆಂಡರಿಗೆ ಹೊತ್ತಾತು ಅಂತ ಕೆಳಗಿಳಿದು ಹೋದರು.